ಗಟ್ಟಿಗರಿಗೆ ಹಾರ ಹಾಕಲು ಹೋಗಿ

ಒಬ್ಬ ಮನುಷ್ಯನಿಗೆ ಹಾರ ಹಾಕಿ, ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟು ನಮಸ್ಕಾರ ಮಾಡುವುದರಲ್ಲಿ ಕೆಡುವಂಥದ್ದು ಏನಿರುತ್ತದೆ ಎಂದು ನೀವು ಕೇಳಬಹುದು. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನಾನು ಹಾರ ಹಿಡಿದು ನಿಂತ ಕಡೆಯಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

ನಾನು ಬೈಲಹೊಂಗಲದ ಒಂದು ಸಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಪೂಜೆ ಪುನಸ್ಕಾರದ ಮನೆತನ ನಮ್ಮದು. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಮ್ಮ ತಂದೆ "ಮಾಸ್ತರ" ಎಂದಷ್ಟೇ ಹೇಳಿ, ಡ್ರಿಲ್ಲಿನ ಸುದ್ದಿ ಎತ್ತದೆ ಮಾತು ಬದಲಿಸುತ್ತಿದ್ದರು. ಸ್ವಾತಂತ್ರ್ಯ ಬಂದ ಹೊಸತು. ಸಾಲೆಯ ಆಡಳಿತ ನೋಡುತ್ತಿದ್ದ ಹತ್ತಿ ವ್ಯಾಪಾರದ ಸಾವುಕಾರರಿಗೆ ಒಂದು ವಿಚಾರ ಹೊಳೆಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ ಪೈಲವಾನರು, ಕಲ್ಲು ಎತ್ತುವವರು, ಓಟಗಾರರು ಈಗ ಯಾರೂ ಕೇಳದೆ ಮುದುಕರಾಗುತ್ತಿದ್ದಾರೆ. ಊರೂರಿಗೆ ಹೋಗಿ ಅವರಿಗೆ ಸತ್ಕಾರ ಮಾಡಬೇಕು. ವಿಚಾರ ಬಂಗಾರದಂಥದ್ದು.

"ಇದನ್ನ ನೀವ ಮಾಡಬೇಕ್ರಿ ಮಾಸ್ತರ" ಎಂದರು. "ನಿಮಗೇನು ಮೈ ಗಟ್ಟಿ ಐತಿ, ತಿರಗಾಡಾಕ ಬ್ಯಾಸರಿಲ್ಲ."

ಬೇಸರವಿತ್ತು. ಆದರೆ ಅವರು ಆಗಲೇ ಎದ್ದು ಹೋಗಿದ್ದರು.

ಕಲ್ಲು

ಉಗರಗೋಳದಲ್ಲಿ ಒಬ್ಬ ಒಕ್ಕಲಿಗ ಯಜಮಾನರಿದ್ದರು. ಬಾವಿಯ ಹತ್ತಿರ ಬಿದ್ದಿದ್ದ ಒಂದು ದುಂಡನೆಯ ಕಲ್ಲನ್ನು ಅವರು ಮೊದಲು ತೊಡೆಗೆ, ಆಮೇಲೆ ಎದೆಗೆ, ಅಲ್ಲಿಂದ ಹೆಗಲಿಗೆ ತಂದು ಹಿಂದಕ್ಕೆ ಚೆಲ್ಲುತ್ತಿದ್ದರಂತೆ. ಅವರನ್ನು ಬಿಟ್ಟು ಆ ಕಲ್ಲನ್ನು ನೆಲದಿಂದ ಅಲುಗಿಸಿದವರು ಆ ಭಾಗದಲ್ಲೇ ಇರಲಿಲ್ಲ.

ಸತ್ಕಾರ ಊರ ಸಾಲೆಯಲ್ಲಿ ಎಂದು ಗೊತ್ತುಮಾಡಿದೆವು. ಆ ದಿನ ಮುಂಜಾನೆ ಸಾವುಕಾರರು, "ಕಲ್ಲಿಲ್ಲದ ಎಂಥಾ ಸತ್ಕಾರ್ರಿ? ಕಲ್ಲೂ ಸಭಾಕ್ಕ ಬರಲಿ" ಎಂದರು.

ಊರ ಹುಡುಗರು ಹಾರೆ ತಂದರು, ಹಗ್ಗ ತಂದರು. ಹ್ಯಾಗೋ ಮಾಡಿ ಚಕ್ಕಡಿಗೆ ಏರಿಸಿದರು. ಚಕ್ಕಡಿಯ ಅಚ್ಚು ಮುರಿಯಿತು. ಎತ್ತುಗಳು ಬೆದರಿ ಹೊಲದ ಕಡೆ ಓಡಿದವು. ಜನ ಕೂಡಿಬಿಟ್ಟಿದ್ದರು. ಬೇರೆ ದಾರಿ ಕಾಣದೆ ನಾನು ಸತ್ಕಾರದ ಯಜಮಾನರ ಮನೆಗೇ ಹೋದೆ. ಅವರು ಜಳಕ ಮುಗಿಸಿ, ಹೊಸ ಧೋತರ ಉಟ್ಟು ಕೂತಿದ್ದರು. ನಾನು ತೊದಲುತ್ತ ಸಂಗತಿ ಹೇಳಿದೆ. ಅವರು ಎದ್ದರು. ಧೋತರ ಎತ್ತಿ ಕಟ್ಟಿ ನಡೆದರು.

ಆ ಮುದುಕ ಆ ಕಲ್ಲನ್ನು ಎದೆಗವಚಿಕೊಂಡು ಓಣಿಯಲ್ಲಿ ನಡೆದು ಬಂದದ್ದನ್ನು ನಾನು ಮರೆತಿಲ್ಲ. ಜನ ಗೋಡೆಗೆ ಸರಿದು ದಾರಿ ಬಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಸಾಲೆಯ ಇಕ್ಕಟ್ಟಾದ ಬಾಗಿಲಿಗೆ ಬಂದವರು, "ಇಲ್ಲೀಮಟಾ ಸಾಕು" ಎಂದು ಹೊಸ್ತಿಲ ಮೇಲೆ ಇಳಿಸಿಬಿಟ್ಟರು. ಯಾರೂ ಒಳಗೆ ಹೋಗುವ ಹಾಗಿಲ್ಲ, ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ. ಸತ್ಕಾರವನ್ನು ಬೇವಿನ ಮರದ ಕೆಳಗೆ ಮಾಡಿದೆವು.

ಮರುದಿನ ಮಕ್ಕಳು ಕಿಡಕಿ ಹಾರಿ ಸಾಲೆಗೆ ಹೋಗುವುದನ್ನು ನೋಡಿ ನಾನು ಮತ್ತೆ ಅವರ ಮನೆಗೆ ಹೋದೆ. "ಯಜಮಾನರ, ಆ ಕಲ್ಲೊಂದು ಅಲ್ಲಿಂದ ತೆಗೀಬೇಕಾಗೇದ."

ಅವರು ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನಿನ್ನಿ ನಿಮ್ಮ ಸಾವಕಾರ್ರು ಭಾಷಣದಾಗ ಏನಂದ್ರು? ಇನ್ನ ಮ್ಯಾಲ ನೀವು ವಿಶ್ರಾಂತಿ ತಗೋಬೇಕು ಅಂದ್ರಿಲ್ಲ?"

"ಅಂದ್ರು."

"ತಗೊಂಡೇನ್ರಿ."

ಮೆರವಣಿಗೆ

ಮುಂದಿನ ಸತ್ಕಾರ ತೊರಗಲ್ಲಿನ ಒಬ್ಬ ಓಟಗಾರರಿಗೆ. ಬಸ್ಸು ಇಲ್ಲದ ಕಾಲದಲ್ಲಿ ಊರಲ್ಲಿ ಯಾರಿಗಾದರೂ ಜೀವಕ್ಕೆ ಬಂದರೆ ಅವರು ರಾಮದುರ್ಗಕ್ಕೆ ಓಡಿ ಹೋಗಿ ಔಷಧ ತರುತ್ತಿದ್ದರು. ಕುದುರೆಯ ಮೇಲೆ ಹೋದವನು ಇನ್ನೂ ದಾರಿಯಲ್ಲಿರುವಾಗ ಇವರು ಔಷಧ ಕುಡಿಸಿ ಮುಗಿಸಿರುತ್ತಿದ್ದರಂತೆ. ಆ ಊರಲ್ಲಿ ಬದುಕಿ ಉಳಿದ ಎಷ್ಟೋ ಜನ ಅವರ ಹೆಸರು ಹೇಳುತ್ತಿದ್ದರು.

ಊರ ಹೊರಗಿನ ಹನುಮಪ್ಪನ ಗುಡಿಯಿಂದ ಕೋಟೆಯ ಬಾಗಿಲವರೆಗೆ ಶೃಂಗರಿಸಿದ ಚಕ್ಕಡಿಯಲ್ಲಿ ಮೆರವಣಿಗೆ. ಡೊಳ್ಳು, ಸನಾದಿ, ಮನೆಮನೆಗೂ ಆರತಿ. ಆರತಿಗೊಮ್ಮೆ ಚಕ್ಕಡಿ ನಿಲ್ಲುವುದು. ಓಟಗಾರರು ಕೂತಲ್ಲೇ ಚಡಪಡಿಸತೊಡಗಿದರು.

"ಮಾಸ್ತರ್ರ, ಇಷ್ಟ ಮೆಲ್ಲಕ ಹೋದ್ರ ನನಗ ಕಾಲು ಜೋಮು ಹಿಡೀತಾವ್ರಿ. ಒಂದೀಟು ಇಳೀಲೇನು?"

ಏನೋ ಅವಸರ ಇರಬೇಕೆಂದು ನಾನು ಹೂಂ ಅಂದೆ. ತಿರುಗಿ ನೋಡುವಷ್ಟರಲ್ಲಿ ಮನುಷ್ಯ ಇಲ್ಲ. ಜನ ಬರಿ ಚಕ್ಕಡಿಗೆ ಹೂ ಎಸೆಯುತ್ತಿದ್ದಾರೆ. ಸಾವುಕಾರರು ನನ್ನ ತೋಳು ಹಿಡಿದು, "ಖಾಲಿ ಗಾಡಿ ಒಯ್ಯೂದು ಅಪಶಕುನ. ನೀವ ಹತ್ತರಿ" ಎಂದು ದೂಡಿದರು. ಆ ಬಿಸಿಲಲ್ಲಿ, ಯಾರದೋ ಹಾರ ಹಾಕಿಕೊಂಡು, ಯಾರ ಔಷಧಕ್ಕೂ ಓಡಿ ಗೊತ್ತಿಲ್ಲದ ನಾನು ಇಡೀ ತೊರಗಲ್ಲಿನ ಆರತಿ ತೆಗೆದುಕೊಂಡೆ. ಕಣ್ಣು ಮಂಜಾದ ಒಬ್ಬ ಅಜ್ಜಿ ನನ್ನ ಕಾಲು ಮುಟ್ಟಿ, "ನಮ್ಮ ಮಗಳ ಜೀವ ಉಳಿಸಿದ ಕಾಲಪಾ ಇವು" ಎಂದು ಅತ್ತಳು. ನಾನು ಸುಮ್ಮನೆ ಕಾಲು ಹಿಂದಕ್ಕೆ ಎಳೆದುಕೊಂಡೆ.

ಕೋಟೆಯ ಬಾಗಿಲಲ್ಲಿ ಓಟಗಾರರ ಹೆಂಡತಿ ನಿಂತಿದ್ದರು. "ನಮ್ಮನಿಯವರು ಆಗಲೇ ಬಂದು, ಚಾ ಕುಡದು, ನೀವು ಇನ್ನೂ ಬರಲಿಲ್ಲಂತ ನಿಮ್ಮನ್ನ ಹುಡಕಾಕ ಗುಡ್ಡದ ಹಾದಿ ಹಿಡದು ಓಡಿಹ್ವಾದ್ರಲ್ರಿ. ಸಿಗಲಿಲ್ಲೇನು?"

ಸಾವುಕಾರರು ನನ್ನ ಕಡೆ ತಿರುಗಿ, "ಯಾರನ್ನರ ಕಳಿಸಿ ಅವರನ್ನ ಹಿಡಕೊಂಡು ಬರ್ರಿ" ಎಂದರು.

ನಾನು ಗಾಡಿಯಿಂದ ಇಳಿಯುತ್ತ, "ಅವರನ್ನ ಓಡಿ ಹಿಡಿಯೋ ಅಂಥಾವ್ರು ಇದ್ದಿದ್ರ, ಅವರಿಗೇ ಸತ್ಕಾರ ಮಾಡ್ತಿದ್ವಿಲ್ಲ?" ಎಂದೆ.

ಕುರ್ಚಿ

ಕಿತ್ತೂರಿನಲ್ಲಿ ಭಾಷಣಕ್ಕೆ ನಿಂತವರು ರಾಣಿಯಿಂದ ಶುರುಮಾಡಿ ಇವತ್ತಿನವರೆಗೆ ಬಂದು ಮುಟ್ಟುವಷ್ಟರಲ್ಲಿ ಕೂತವರ ಬೆನ್ನು ಹೋಗಿರುತ್ತದೆ. ಅಲ್ಲಿಯ ಸಾಲೆಯಲ್ಲಿ ಒಬ್ಬ ಪೈಲವಾನರ ಸತ್ಕಾರಕ್ಕೆ ಕರೆಸಿದ ಪುಢಾರಿಯೂ ರಾಣಿಯಿಂದಲೇ ಶುರುಮಾಡಿದರು.

ಪೈಲವಾನರಿಗೆ ವಯಸ್ಸಾಗಿದ್ದರೂ ಮೈ ಆನೆಯಂಥದ್ದು. ಅವರು ಕೂತಾಗ ಕುರ್ಚಿಯಿಂದ ಒಂದು ಸಪ್ಪಳ ಬಂತು. ಯಾರೂ ಗಮನಿಸಲಿಲ್ಲ. ಭಾಷಣ ನಡೆದಂತೆ ಪೈಲವಾನರ ಹಣೆಯಲ್ಲಿ ಬೆವರು ಮೂಡಿತು, ಕೊರಳ ನರ ಉಬ್ಬಿದವು. ಪುಢಾರಿಗೆ ಅದು ಕಾಣಿಸಿತು. "ನೋಡಿರಿ! ಇತಿಹಾಸದ ಮಾತು ಕೇಳಿ ಈ ವೀರನ ರಕ್ತ ಹೇಗೆ ಕುದಿಯುತ್ತಿದೆ!" ಎಂದು ಹುರುಪಿನಿಂದ ಮತ್ತೆ ಹಿಂದಿನ ಶತಮಾನಕ್ಕೆ ಹೋದರು.

ಪೈಲವಾನರು ನನ್ನನ್ನು ಕಣ್ಸನ್ನೆಯಿಂದ ಕರೆದರು. "ಮಾಸ್ತರ್ರ, ಇವರದು ಇನ್ನೂ ಎಷ್ಟೈತಿ?"

"ಯಾಕ್ರಿ?"

"ಕುರ್ಚಿ ಕಾಲು ಮುರದೈತ್ರಿ. ಆಗಿಂದ ನಾ ಕುಂತಿಲ್ಲ. ಬೈಠಕ ಹೊಡದಂಗ ಅರ್ಧಕ್ಕ ನಿಂತೇನಿ."

ನಾನು ಬಗ್ಗಿ ಕುರ್ಚಿಯ ಕಾಲು ನೋಡಿದೆ. "ಏಳ್ರಿ, ಬೆಂಚು ತರ್ತೀನಿ."

"ಬ್ಯಾಡ್ರಿ. ಈಗ ಎದ್ರ ಸಾಲಿ ಮರ್ಯಾದಿ ಹೋಗತೈತಿ. ಮುಗಸ್ಲಿ."

ಯಾರದೋ ಸಾಲೆ, ಯಾರದೋ ಕುರ್ಚಿ. ಅದರ ಮಾನ ಕಾಯಲು ಆ ಮನುಷ್ಯ ತೊಡೆ ನಡುಗುತ್ತಿದ್ದರೂ ಕಡೆಯವರೆಗೂ ಹಾಗೇ ಇದ್ದರು. ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ಅವರೂ ನೆಟ್ಟಗೆ ನಿಂತರು. ಹಿಂದೆ ಕುರ್ಚಿ ತುಂಡುತುಂಡಾಗಿ ಬಿತ್ತು.

ಹೊರಗೆ ಬಂದ ಮೇಲೆ ನಾನು ಅವರ ಕೈ ಹಿಡಿದುಕೊಂಡೆ. ಅವರೇ ಮೆಲ್ಲಗೆ ಅಂದರು: "ಭಾಳ ಮಂದಿ ಕೂಡ ಕುಸ್ತಿ ಹಿಡದೇನ್ರಿ. ಒಬ್ಬರಲ್ಲ ಒಬ್ಬರು ಸುಸ್ತ ಆಗತಿದ್ರು. ಈ ಮನಷ್ಯಾ ಸುಸ್ತ ಆಗೂದ ಇಲ್ಲಲ್ರಿ!"

ಅಪ್ಪುಗೆ

ಇಷ್ಟಾದ ಮೇಲೆ ನಾನು ಸಾವುಕಾರರಿಗೆ ಕೈಮುಗಿದು ಬಿಟ್ಟುಬಿಡಿ ಎಂದಿದ್ದೆ. "ಕಡೀದು ಒಂದು" ಎಂದರು. ಆ ಕೊನೆಯ ಸತ್ಕಾರ ಯಾರಿಗೆಂದು ಕೇಳಿದ ಮೇಲೆ ನನಗೆ ಇಲ್ಲವೆನ್ನಲಾಗಲಿಲ್ಲ.

ಸವದತ್ತಿಯ ಒಬ್ಬ ಪೈಲವಾನ, ರಾಮದುರ್ಗದ ಒಬ್ಬ ಪೈಲವಾನ. ಇಬ್ಬರೂ ಹರೆಯದಲ್ಲಿ ಬೈಲಹೊಂಗಲದ ಕಣದಲ್ಲಿ ಹಿಡಿದಿದ್ದ ಕುಸ್ತಿಯನ್ನು ನಾನು ಅಣ್ಣನ ಹೆಗಲ ಮೇಲೆ ಕೂತು ನೋಡಿದ್ದೆ. ಯಾರೂ ಬೀಳದೆ ಕೊನೆಗೆ ಪಂಚರು ಬಿಡಿಸಿ ಬರೋಬರಿ, ಇಬ್ಬರೂ ಸಮ ಎಂದಿದ್ದರು. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಗೆದ್ದವನು ನಾನೇ ಎಂದು ಒಬ್ಬೊಬ್ಬರೂ ತಮ್ಮತಮ್ಮ ಊರಲ್ಲಿ ಹೇಳಿಕೊಂಡೇ ಮುದುಕರಾದರು. ಇವರನ್ನು ಒಂದುಗೂಡಿಸಿದರೆ ನಾನು ಪಟ್ಟ ಪಾಡೆಲ್ಲ ಸಾರ್ಥಕ ಅನ್ನಿಸಿತು.

ಇಬ್ಬರೂ ನಮ್ಮ ಸಾಲೆಗೆ ಬಂದರು. ಸವದತ್ತಿಯವರಿಗೆ ಮೊಣಕಾಲು ನೋವು. ರಾಮದುರ್ಗದವರಿಗೆ ಕಣ್ಣು ಮಂದ, ಮೊಮ್ಮಗಳ ಕೈ ಹಿಡಿದು ಹಲಗೆಯ ವೇದಿಕೆ ಹತ್ತಿದರು. ಸಾವುಕಾರರು, "ಹಳೇದೆಲ್ಲಾ ಮರತು ಇಬ್ಬರೂ ಅಪ್ಪಿಕೊಳ್ರಿ" ಎಂದರು.

ಅಪ್ಪಿಕೊಂಡರು. ಸಭೆಯೆಲ್ಲ ಎದ್ದು ನಿಂತಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹಾರಗಳನ್ನು ಹಿಡಿದು ಹತ್ತಿರ ಹೋದೆ. ಆಗ ಕೇಳಿಸಿತು.

"ಬಿಡಲೇ."

"ನೀ ಬಿಡು ಮೊದಲ."

"ಕೈ ಎಲ್ಲಿ ಹಾಕಾಕತ್ತಿ?"

"ಅವತ್ತ ಎಲ್ಲಿ ಹಾಕಿದ್ದೆ, ಅಲ್ಲೇ."

ನೋಡುತ್ತೇನೆ, ಸವದತ್ತಿಯವರ ಕಾಲು ರಾಮದುರ್ಗದವರ ಹಿಮ್ಮಡಿ ಹುಡುಕುತ್ತಿದೆ. "ಪೈಲವಾನರ, ಮಂದಿ ನೋಡ್ಲಿಕ್ಕೆ ಹತ್ತ್ಯಾರ!" ಎಂದು ಪಿಸುಗುಟ್ಟಿದೆ. "ಹಂಗಾರ ನೀವು ಸರೀರಿ" ಎಂದಿತು ಒಂದು ದನಿ.

ಸಾವುಕಾರರು ಗದ್ಗದ ಕಂಠದಿಂದ, "ಪ್ರೀತಿ ಅಂದ್ರ ಹಿಂಗಿರಬೇಕು ನೋಡ್ರಿ! ಒಬ್ಬರನ್ನೊಬ್ಬರು ಬಿಡವಲ್ರು!" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಆ ಪ್ರೀತಿ ಮೇಜಿನ ಸುತ್ತ ತಿರುಗಿ, ನೀರಿನ ತಂಬಿಗೆ ಉರುಳಿಸಿ, ಸಾವುಕಾರರ ಟೊಪ್ಪಿಗೆ ಕೆಡವಿ, ನನ್ನ ಕೈಯ ಹಾರ ತುಳಿದು, ಕೊನೆಗೆ ವೇದಿಕೆಯ ನಡುವೆ ನಿಂತಿತು. ಇಬ್ಬರಿಗೂ ಉಸಿರು ಹತ್ತಿತ್ತು. ಬಿಟ್ಟರೆ ಇಬ್ಬರೂ ಬೀಳುವ ಹಾಗಿದ್ದರು, ಅದಕ್ಕೇ ಬಿಡದೆ ಹಿಡಿದುಕೊಂಡಿದ್ದರು. ನಾನು ಮೆಲ್ಲಗೆ ಇಬ್ಬರನ್ನೂ ಕೆಳಗೆ ಕೂರಿಸಿದೆ.

ಇಬ್ಬರೂ ಬೆವರು ಒರೆಸಿಕೊಂಡರು. ಆಮೇಲೆ ರಾಮದುರ್ಗದವರು, ಇಷ್ಟು ವರ್ಷ ಆಡದ ಮಾತು ಆಡಿದರು. "ಮೊಣಕಾಲು ಭಾಳ ನೋಯತೈತೇನು?"

"ಹೂಂ. ನಿನಗ ಕಣ್ಣು?"

"ನೀ ಕಾಣಸ್ತಿ. ಅಷ್ಟ ಸಾಕು."

ಅಂತೂ ಒಂದು ಸತ್ಕಾರ ಕೈಗೂಡಿತು ಎಂದು ಅಲ್ಲೇ ಅವರ ಪಕ್ಕದಲ್ಲಿ ಕುಸಿದು ಕೂತೆ. ಸವದತ್ತಿಯವರು ನನ್ನ ಭುಜದ ಮೇಲೆ ಕೈಯಿಟ್ಟರು.

"ಮಾಸ್ತರ್ರ, ಮುಂದಿನ ಸತ್ಕಾರ ಯಾವಾಗ ಇಡತೀರಿ?"

"ಯಾಕ್ರಿ?"

"ಮುಂದಿನ ಸಲ ಕೆಂಪು ಮಣ್ಣು ಹಾಕಸ್ರಿ. ಈ ಹಲಗಿ ಮ್ಯಾಲ ಇವನ್ನ ಕೆಡವಾಕ ಕಾಲು ನಿಲ್ಲವಲ್ದು."