ಭಾವ ತಪ್ಪು ಹುಡುಕಿ ಸೋತ ಪ್ಲಾಸ್ಟಿಕ್ ವಿಮಾನ

ನನ್ನ ಭಾವನ ಬಾಯಿಂದ ಹೊಗಳಿಕೆ ಕೇಳಿದವರು ಹೊನ್ನಾವರ ತಾಲೂಕಿನಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ಅವರ ಕಾಲಿಗೆ ಬೀಳುತ್ತೇನೆ! ದೇವರು ಭಾವನಿಗೆ ಕೊಟ್ಟದ್ದು ಕಣ್ಣಲ್ಲ, ಇಕ್ಕಳ. ಹಾಕಿದಲ್ಲಿ ಒಂದು ತಪ್ಪು ಹಿಡಿದೇ ಎತ್ತುವುದು.

ಅರವತ್ತರ ದಶಕದ ಆರಂಭದ ಮಾತು. ಹೊನ್ನಾವರದ ಶಾಲೆಯಲ್ಲಿ ಅಕ್ಕೋರಾಗಿ ಸೇರಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ, ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಹುಡುಗನಾಗಿದ್ದಾಗ ವೇದಪಾಠ ತಪ್ಪಿಸಿ ಓಡಿಹೋಗಿ, ಮಹಾಯುದ್ಧದಲ್ಲಿ ವಿಮಾನದ ಫಿಟ್ಟರ್ ಆದವರು. ಯುದ್ಧ ಮುಗಿದ ಮೇಲೆ ಊರಿಗೆ ಬಂದು ಮೋಟಾರು ಗ್ಯಾರೇಜು ಹಾಕಿದರು. ಆದರೆ ಒಳಗಿನ ಫಿಟ್ಟರ್ ನಿವೃತ್ತನಾಗಬೇಕಲ್ಲ! ಹೊಸ ಕೊಡೆ ತಂದರೆ ಬಿಚ್ಚಿ, ಮುಚ್ಚಿ, "ಫಿಟಿಂಗ್ ಸರಿ ಇಲ್ಲೆ" ಎನ್ನುವರು. ಬಾಣಂತಿಯ ಮನೆಗೆ ಹೋದರೆ ಮಗುವನ್ನು ಬಿಟ್ಟು ತೊಟ್ಟಿಲಿನ ಕೊಂಡಿ ನೋಡಿ ಬರುವರು. ಇಡಗುಂಜಿಯ ಗಣಪತಿ ಗುಡಿಯಲ್ಲಿ ಎಲ್ಲರೂ ಕಣ್ಣುಮುಚ್ಚಿ ಕೈಮುಗಿದಿದ್ದರೆ ಇವರ ಕಣ್ಣು ಗಂಟೆಯ ಕೊಕ್ಕೆಯ ಮೇಲೆ!

"ಅದನ್ನ ಗಣಪತಿ ನೋಡ್ಕತ್ತ, ಬನ್ನಿ" ಎಂದಳು ಅಕ್ಕ.

"ಗಣಪತಿ ಹತ್ರ ಸ್ಪ್ಯಾನರ್ ಇದ್ದಾ?"

ಕುಮಟೆಯ ಡಾಕ್ಟರರೊಬ್ಬರು ಬೊಂಬಾಯಿಂದ ದುಬಾರಿ ಆಟಿಕೆ ವಿಮಾನ ತರಿಸಿದರು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ನಾವೇ ಅಂಟಿಸಿ ಕೂಡಿಸಬೇಕಾದದ್ದು. ಕೂಡಿಸಲು ಭಾವನನ್ನು ಕರೆಸಿದರು, ಪಾಪ! ಭಾವನ ಕಣ್ಣಿಗೆ ಬಿದ್ದದ್ದು ರೆಕ್ಕೆಗೂ ಹೊಟ್ಟೆಗೂ ನಡುವೆ ಇರುವೆ ಸಾಲು ಹೋಗುವಷ್ಟು ಸಂದು.

"ಎಷ್ಟು ಬೆಲೆ ಕೊಟ್ಟಿದ್ದೆ ಗೊತ್ತುಂಟಾ?" ಎಂದರು ಡಾಕ್ಟರರು.

"ಬೆಲೆ ಹಾಕಿ ಸಂದು ಮುಚ್ಚೂಕೆ ಆಗೂದಿಲ್ಲ, ಡಾಕ್ಟ್ರೇ."

ಮುಂದೆ ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಕಷಾಯವೇ ಗತಿಯಾಯಿತು.

ಕೆಲವು ದಿನಗಳ ಮೇಲೆ ಭಾವ ಲಾರಿಯ ಸಾಮಾನಿಗೆಂದು ಭಟ್ಕಳಕ್ಕೆ ಹೋದರು. ಅಲ್ಲೊಂದು ಅಂಗಡಿಯ ಮೂಲೆಯಲ್ಲಿ ಅಂಥದೇ ಡಬ್ಬಿ. ಬಿಸಿಲಿಗೆ ಮುಚ್ಚಳದ ಚಿತ್ರವೆಲ್ಲ ಮಾಸಿ, ಯಾವ ವಿಮಾನವೆಂದೇ ತಿಳಿಯುವಂತಿಲ್ಲ. "ಹಳೇ ಮಾಲು, ಭಟ್ರೇ. ಅಗ್ಗದ್ದು, ಯಾರೂ ಮುಟ್ಟೂದಿಲ್ಲ" ಎಂದರಂತೆ ಅಂಗಡಿಯ ಸಾಹೇಬರು. ಬೈಯಲು ಮನೆಯಲ್ಲಿ ಹೊಸದೇನೂ ಉಳಿದಿರಲಿಲ್ಲ; ಭಾವ ಕೊಂಡು ತಂದರು.

ಜಗಲಿಯಲ್ಲಿ ಕೂತು ಎರಡು ಹೋಳು ಜೋಡಿಸಿದರು. ಟಕ್! ಗೆರೆ ಕೂಡ ಕಾಣಿಸಲಿಲ್ಲ. ಬಿಡಿಸಿ ಮತ್ತೆ ಜೋಡಿಸಿದರು. ಟಕ್! ರೆಕ್ಕೆ ಕೂಡಿಸುವಷ್ಟರಲ್ಲಿ ಮುಖ ಬಣ್ಣಗೆಟ್ಟಿತ್ತು. ಅದು ಅವರೇ ದುರಸ್ತಿ ಮಾಡುತ್ತಿದ್ದ ಜಾತಿಯ ವಿಮಾನ!

ಮೂರು ದಿನ ಭೂತಗನ್ನಡಿ ಹಿಡಿದು ತಪ್ಪು ಹುಡುಕಿದರು. "ಚಕ್ರದ ಬಾಗಿಲು ಸರಿ ಇದ್ದು. ರಿವೆಟ್ ಸಾಲು ಸರಿ ಇದ್ದು. ಇದನ್ನ ಮಾಡಿದಂವ ವಿಮಾನದ ಹೊಟ್ಟೆಯಡಿಗೆ ಮಲಗಿ ನೋಡಿದ್ದ!"

"ಮದುವೆಯಾಗಿ ಹನ್ನೆರಡು ವರ್ಷ ಆತು, ಯನ್ನ ದೋಸೆಗೆ ಒಂದು 'ಸರಿ ಇದ್ದು' ಬಂದಿದ್ದಿಲ್ಲೆ" ಎಂದು ಅಕ್ಕ ಒಳಗಿಂದ ಗುಡುಗಿದಳು.

ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಭಾವ ವಿಮಾನದ ಮೂತಿಯ ಹತ್ತಿರದ ಒಂದು ಸಣ್ಣ ಮುಚ್ಚಳವನ್ನೇ ನೋಡುತ್ತಿದ್ದರು. ಭೂತಗನ್ನಡಿಯನ್ನು ಕೆಳಗಿಟ್ಟು ಅಕ್ಕನನ್ನು ಕೂಗಿದರು.

"ಎಂತ ಆತು?" ಎಂದು ಅಕ್ಕ ಓಡಿ ಬಂದಳು.

ಆಗ ಭಾವ ಯುದ್ಧಕಾಲದ ಕಥೆ ಹೇಳಿದರು. ಆ ಜಾತಿಯ ವಿಮಾನ ಅವರ ಕೈಗೆ ಬಂದು ವಾರವಷ್ಟೇ ಆಗಿತ್ತಂತೆ. ಒಂದು ಬೆಳಿಗ್ಗೆ ಅವಸರದಲ್ಲಿ ಈ ಮುಚ್ಚಳಕ್ಕೆ ಏಳು ಸ್ಕ್ರೂ ಬಿಗಿದು ಕಳಿಸಿದರು. ವಿಮಾನ ಹಾರಿದ ಮೇಲೆ ನೋಡಿದರೆ ಅಂಗೈಯಲ್ಲಿ ಇನ್ನೊಂದು ಸ್ಕ್ರೂ! ವಿಮಾನ ಮರಳಲಿಲ್ಲ. ದಿನಾ ಇವರ ಬೆನ್ನು ತಟ್ಟಿಯೇ ಹತ್ತುತ್ತಿದ್ದ ಪೈಲಟ್ ಹುಡುಗನೂ ಮರಳಲಿಲ್ಲ. ಮರುದಿನವೇ ಇವರಿಗೆ ಬೇರೆ ಕಡೆ ವರ್ಗವಾಯಿತು. ಅಂಥ ವಿಮಾನ ಮತ್ತೆ ಕಣ್ಣಿಗೆ ಬೀಳಲಿಲ್ಲ. ಮುಚ್ಚಳಕ್ಕೆ ಇದ್ದದ್ದು ಏಳೋ, ಎಂಟೋ? ಕೈಯಲ್ಲುಳಿದದ್ದು ಹೆಚ್ಚಿನದೋ, ಹಾಕಲು ಮರೆತದ್ದೋ? ಕೇಳಲು ಧೈರ್ಯವಾಗದೆ, ನೆನಪೂ ಆಗದೆ, ಇಷ್ಟು ವರ್ಷ ಒಬ್ಬರೇ ಹೊತ್ತಿದ್ದರು.

ಅಕ್ಕ ಭೂತಗನ್ನಡಿ ತೆಗೆದುಕೊಂಡಳು. ಮುಚ್ಚಳದ ಮೇಲೆ ಸ್ಕ್ರೂಗಳೆಂದು ಮೂಡಿಸಿದ್ದ ಒಂದೊಂದು ಚುಕ್ಕಿಗೂ ಸೂಜಿಯ ಮೊನೆ ತಾಗಿಸಿ ಎಣಿಸಿದಳು.

"ಏಳೇ ಇದ್ದು."

"ಮತ್ತೊಂದ್ಸಲ ಎಣಿಸೇ."

ಎಣಿಸಿದಳು. "ಏಳೇ."

ಭಾವ ಹೆಗಲ ಮೇಲಿನ ಪಂಜಿಯಿಂದ ಮುಖ ಮುಚ್ಚಿಕೊಂಡರು. ಅಕ್ಕ ಅವರ ಪಕ್ಕ ಒತ್ತಿ ಕೂತು, ಕೇಳದೆಯೇ ಮೂರನೆಯ ಸಲ ಎಣಿಸತೊಡಗಿದಳು, ಗಟ್ಟಿಯಾಗಿ: "ಒಂದು... ಎರಡು..."