ಸೀಟಿಗೆ ತಕ್ಕ ಹಲ್ಲು ಮತ್ತು ರಾಮಮ್ಮನವರ ಕುರ್ಚಿ

ಇಂದ:
ದುರ್ಗವ್ವ, ಗೇಟ್ ಸೆಕ್ಯೂರಿಟಿ (ಹಗಲು ಪಾಳಿ), ಜಿಗಣಿ.

ಗೆ:
ವ್ಯವಸ್ಥಾಪಕರು, ನಗೆಮಲ್ಲಿಗೆ ದಂತ ಚಿಕಿತ್ಸಾಲಯ, ಚಂದಾಪುರ.

ವಿಷಯ: ರೋಗಿಗಳು ಒಬ್ಬರಿಗೊಬ್ಬರು ಹಲ್ಲು ತೋರಿಸಬಾರದೆಂಬ ನೋಟಿಸನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: ನೀರಿನ ಕ್ಯಾನಿನ ಮೇಲ್ಗಡೆ ತಾವು ಸೋಮವಾರ ಅಂಟಿಸಿದ ಸದರಿ ನೋಟಿಸು.

ಮಾನ್ಯರೇ,

೧. ಅರ್ಜಿದಾರಳಾದ ದುರ್ಗವ್ವಳಿಗೆ ಗೇಟಿನ ಅಡ್ಡಗಂಬಿ ಬಡಿದು ಮುಂದಿನ ಎರಡು ಹಲ್ಲು ಬಿದ್ದಿರುತ್ತವೆ. ಆ ಕಾರಣ ಸೀಟಿ ಊದಿದರೆ ಬರೀ ಗಾಳಿ ಬರುತ್ತಿದ್ದು, ಗಾಳಿಗೆ ಯಾವ ಲಾರಿಯೂ ನಿಂತಿರುವುದಿಲ್ಲ. "ಹಲ್ಲು ಕಟ್ಟಿಸ್ಕೊಂಡು ಬಾ, ಇಲ್ಲಾಂದ್ರೆ ಗೇಟ್ ಬಿಡು" ಎಂದು ಸೂಪರ್‌ವೈಸರ್ ಅಮರೇಶ್ ಆದೇಶಿಸಿರುತ್ತಾರೆ.

೨. ಆದ್ದರಿಂದ ತಮ್ಮಲ್ಲಿಗೆ ಬಂದಾಗ, ಸಲಹೆಗಾರ್ತಿ ಶೈಲಾ ಮೇಡಂ ಟಿವಿಯಲ್ಲಿ ನಗುವವರ ಹದಿನೆಂಟು ಫೋಟೋ ತೋರಿಸಿ, "ಸೆಟ್ಟಾ, ಬ್ರಿಡ್ಜಾ, ಇಂಪ್ಲಾಂಟಾ? ಕಾನ್ಫಿಡೆಂಟಾಗಿ ಹೇಳಿ ಅಕ್ಕ" ಎಂದರು.

"ಅವು ಏನಂತ ನನಗ ತಿಳೀವಲ್ದು ಮೇಡಂ."

"ತಿಳೀದಿದ್ರೂ ಪರ್ವಾಗಿಲ್ಲ, ಕಾನ್ಫಿಡೆನ್ಸ್ ಮುಖ್ಯ."

"ಪೂರ್ಣ ಆತ್ಮವಿಶ್ವಾಸದಿಂದ ಆಯ್ಕೆ ಮಾಡಿರುತ್ತೇನೆ" ಎಂಬಲ್ಲಿ ಟಿಕ್ ಗುರುತು ಬೀಳದೆ ಕಂಪ್ಯೂಟರ್ ಮುಂದೆ ಹೋಗದ ಕಾರಣ, ದುರ್ಗವ್ವಳೇ ಎರಡು ಸಲ ಹಿಂದೆ ಹೋಗಿರುತ್ತಾಳೆ.

೩. ಮೂರನೆಯ ಸಲ, ಹಲ್ಲು ತೋರಿಸಲು ಆಗಾಗ ಬಂದು ಯಾವಾಗಲೂ ಪಕ್ಕದ ಅದೇ ಕುರ್ಚಿಯಲ್ಲಿ ಕೂರುವ ಹಿರಿಯರಾದ ರಾಮಮ್ಮನವರು ಸಂಗತಿ ಕೇಳಿ, ತಮ್ಮ ಬಾಯಿ ತೆರೆದು ತೆಗೆದು ಹಾಕುವ ಹಲ್ಲಿನ ಸೆಟ್ಟು ತೋರಿಸಿದರು. "ಇದ್ರಲ್ಲಿ ಕೋಳಿ ತಿನ್ಬೋದು ಕಣವ್ವ. ಸೀಟಿ ಊದೋಕೋದ್ರೆ ಅಂಗೇ ಎದ್ದು ಬತ್ತದೆ, ನೋಡೀಗ" ಎಂದು ದುರ್ಗವ್ವಳ ಸೀಟಿ ಇಸಿದುಕೊಂಡು ಊದಿದರು. ಸೆಟ್ಟು ಶೈಲಾ ಮೇಡಂ ಅವರ ಕೀಬೋರ್ಡಿನ ಮೇಲೆ ಬಿದ್ದಿರುತ್ತದೆ.

ಜನ ನಕ್ಕ ಸದ್ದಿಗೆ ಹೊರಬಂದ ಡಾಕ್ಟರ್ ಮಾಲಾ ದುರ್ಗವ್ವಳ ಕಡೆ ತಿರುಗಿ, "ನೀವು ಏನ್ ಕೆಲ್ಸ ಮಾಡ್ತೀರಮ್ಮಾ?" ಎಂದು ಕೇಳಿದರು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಅಂಟಿಸಿ ಕೂರಿಸುವ ಬ್ರಿಡ್ಜ್ ಸೀಟಿಗೆ ಎದ್ದು ಬರುವುದಿಲ್ಲ, ಆದರೆ ಅದಕ್ಕೆ ಅಕ್ಕಪಕ್ಕದ ಗಟ್ಟಿ ಹಲ್ಲನ್ನೂ ಉಜ್ಜಿ ಸಣ್ಣ ಮಾಡಬೇಕು, ಇಂಪ್ಲಾಂಟಿಗೆ ದವಡೆಯ ಮೂಳೆಗೆ ತಿರುಪು ಕೂರಿಸಿ ತಿಂಗಳುಗಟ್ಟಲೆ ಕಾಯಬೇಕು ಎಂದು ಬಿಡಿಸಿ ಹೇಳಿ, "ಯೋಚ್ನೆ ಮಾಡಿ, ಇವತ್ತೇ ಹೇಳ್ಬೇಕಿಲ್ಲ" ಎಂದರು. ದುರ್ಗವ್ವ ಎರಡು ದಿನ ಯೋಚಿಸಿ, ಹೆದರುತ್ತಲೇ ಬ್ರಿಡ್ಜ್ ಆರಿಸಿಕೊಂಡಳು. ಈಗ ಲಾರಿಗಳು ನಿಲ್ಲುತ್ತಿವೆ.

೪. ಹೀಗಿರುವಲ್ಲಿ ತಾವು ನೋಟಿಸು ಅಂಟಿಸಿ ರಾಮಮ್ಮನವರನ್ನು ಹೊರಗೆ ಕಳಿಸಿರುತ್ತೀರಿ. ಅವರು ಎದುರಿನ ಟೀ ಅಂಗಡಿ ಬೆಂಚಿನಲ್ಲಿ ಕೂತಿದ್ದು, ತಮ್ಮ ರೋಗಿಗಳೂ ಅಲ್ಲೇ ಕೂರುತ್ತಿದ್ದಾರೆ. "ಒಳಗೆ ನಗು ತೋರುಸ್ತಾರೆ, ನಾವಿಲ್ಲಿ ಹಲ್ಲು ತೋರುಸ್ತೀವಿ" ಎಂಬುದು ರಾಮಮ್ಮನವರ ಹೇಳಿಕೆ. ನಿನ್ನೆ ಅಲ್ಲಿ ಎಂಟು ಜನ ಬಾಯಿ ತೆರೆದಿದ್ದರು.

ಆದ್ದರಿಂದ ನೋಟಿಸು ತೆಗೆದು, ರಾಮಮ್ಮನವರ ಕುರ್ಚಿಯನ್ನು ಅವರಿಗೇ ಬಿಟ್ಟುಕೊಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ (ಎರಡು ಹಲ್ಲಿನ ಮಟ್ಟಿಗೆ),
ದುರ್ಗವ್ವ

ಲಗತ್ತು: ೧) ನೋಟಿಸಿನ ಫೋಟೋ. ೨) ಏಳು ಜನರ ಸಹಿ. ಎಂಟನೆಯವರ ಬಾಯಿ ಇನ್ನೂ ತೆರೆದೇ ಇದ್ದುದರಿಂದ ಸಹಿ ಪಡೆಯಲಾಗಿಲ್ಲ.

ವಿ.ಸೂ.: ಮೇಲಿನ ಕೋರಿಕೆ ಸಾಧ್ಯವಾಗದ ಪಕ್ಷದಲ್ಲಿ, ಡಾಕ್ಟರ್ ಮಾಲಾ ಅವರನ್ನು ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಟೀ ಅಂಗಡಿಗೆ ಕಳಿಸಿಕೊಡುವುದು. ಬೆಂಚಿನಲ್ಲಿ ಒಬ್ಬರಿಗೆ ಜಾಗ ಬಿಟ್ಟಿರುತ್ತೇವೆ.