ಡ್ರಾಯಿಂಗ್ ಮಿಸ್ಸು ಹೆಚ್ಚಾದ ವರ್ಷ

ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರೆ ನಗೋ ಪ್ರಸಂಗಗಳನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೆಲ್ ಹೊಡೆಯೋ ಮುಂಚೆಯೇ ಅವು ಗೇಟಿನ ಹತ್ತಿರ ಬಂದು ಕಾಯ್ತಾ ಇರ್ತವೆ. ನಗೋರು ಮಾತ್ರ ಬೇರೆಯವರು. ನಾನು ಅಷ್ಟೊತ್ತಿಗೆ ಬ್ಯಾಗಿನಲ್ಲಿ ಆಸಿಡಿಟಿ ಮಾತ್ರೆ ಹುಡುಕ್ತಾ ಇರ್ತೀನಿ. ನನ್ನದು ಮೊದಲೇ ಪುಕ್ಕಲು ಜೀವ.

ನಮ್ಮ ಶಾಲೆ ಇರೋದು ಪೀಣ್ಯದ ಫ್ಯಾಕ್ಟರಿಗಳ ಬೆನ್ನಿಗೆ. ನನ್ನ ಮನೆ ಬಾಗಲಗುಂಟೆ. ಹೋದ ವರ್ಷ ಶಾಲೆ ಶುರುವಾದ ವಾರದಲ್ಲೇ ನಮ್ಮ ಹೆಡ್ ಮೇಡಂ ನನ್ನನ್ನ ರೂಮಿಗೆ ಕರೆದು, ಕೂರಿಸಿ, ಟೀ ತರಿಸಿದರು. ಅವರು ಟೀ ತರಿಸಿದರು ಅಂದರೆ ಏನೋ ಕೆಟ್ಟ ಸುದ್ದಿ ಇದೆ ಅಂತಲೇ ಅರ್ಥ.

"ನೋಡಮ್ಮ, ಈ ಸಲ ಮಕ್ಕಳು ಕಮ್ಮಿ ಆಗಿದಾರೆ. ನಮ್ಮಲ್ಲಿ ಒಬ್ಬ ಟೀಚರ್ ಹೆಚ್ಚುವರಿ ಅಂತೆ. ಆಫೀಸರ್ ಬಂದು ನೋಡ್ತಾರಂತೆ. ಯಾವ ಸಬ್ಜೆಕ್ಟು ಸರಿಯಾಗಿ ನಡೀತಿಲ್ಲ ಅನ್ಸುತ್ತೋ ಆ ಪೋಸ್ಟು ಬೇರೆ ಸ್ಕೂಲಿಗೆ ಹೋಗುತ್ತೆ" ಅಂದರು.

ಯಾವ ಸಬ್ಜೆಕ್ಟು ಅಂತ ನಾನು ಕೇಳಲಿಲ್ಲ. ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿದ್ದರಲ್ಲೇ ಗೊತ್ತಾಯಿತು.

ನನಗೇನು, ಇನ್ನೊಂದು ಬಸ್ ಹತ್ತಿ ಇನ್ನೊಂದು ಸ್ಕೂಲಿಗೆ ಹೋಗ್ತೀನಿ, ಸಂಬಳ ನಿಲ್ಲಲ್ಲ. ಆದರೆ ಪೋಸ್ಟು ಒಂದು ಸಲ ಹೋದರೆ ಈ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ಅನ್ನೋದು ಮತ್ತೆ ಬರೋದಿಲ್ಲ. ಬಾಡಿಗೆ ರೂಮಿನಲ್ಲಿ ಕಾಲು ಚಾಚೋಕೆ ಜಾಗ ಇಲ್ಲದ ಮಕ್ಕಳು ಡ್ರಾಯಿಂಗ್ ಪೀರಿಯಡ್ ಬಂದ ಕೂಡಲೇ ಬೆಂಚು ಎಳೆದು ಕೂರೋದನ್ನ ನೋಡಿದೀನಲ್ಲ, ಹೊಟ್ಟೆ ಉರೀತು. ಆ ಆಫೀಸರ್ ಬರೋ ತನಕ ನಾನು ಬದುಕಿದ್ದು ಹೇಗೆ ಅಂತ ಕೇಳಿ.

ಗಣಿತದ ಮೇಷ್ಟ್ರ ಪ್ರೀತಿ

ಇಡೀ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಕಂಡರೆ ಎಲ್ಲರಿಗಿಂತ ಪ್ರೀತಿ ಇದ್ದದ್ದು ಗಣಿತದ ಮೇಷ್ಟ್ರಿಗೆ. ಬೆಲ್ ಹೊಡೀತಿದ್ದ ಹಾಗೆ ಬಾಗಿಲಲ್ಲಿ ಹಾಜರ್. "ಮೇಡಂ, ನೀವು ಆರಾಮಾಗಿ ಕೂತ್ಕೊಳ್ಳಿ, ಈ ಪೀರಿಯಡ್ ನಾನು ತಗೋತೀನಿ. ಎಸ್ಸೆಸ್ಸೆಲ್ಸಿ ಮಕ್ಕಳು, ಪಾಸಾಗಬೇಕಲ್ಲ!" ಎಷ್ಟೋ ವರ್ಷದಿಂದ ಹೀಗೇ. ಆ ವರ್ಷ ಮಾತ್ರ ನಾನು ಗಟ್ಟಿ ಮನಸ್ಸು ಮಾಡಿ "ಇಲ್ಲ ಸಾರ್, ಕೊಡಲ್ಲ" ಅಂದುಬಿಟ್ಟೆ.

ಅವರು ಅಲ್ಲೇ ನಿಂತು, "ಅಯ್ಯೋ, ಆಫೀಸರ್ ಬಂದ್ರೆ ಅಂತ ಭಯಾನಾ? ನಾನು ರೇಖಾಗಣಿತ ಮಾಡಿಸ್ತೀನಿ ಬಿಡಿ. ವೃತ್ತ, ತ್ರಿಭುಜ ಎಲ್ಲ ಬರೀತಾರಲ್ಲ, ಅದೂ ಡ್ರಾಯಿಂಗೇ!" ಅಂದರು.

"ಸಾರ್, ದಯವಿಟ್ಟು ಹೊರಡಿ" ಅಂದು ಬಾಗಿಲು ಹಾಕಿಕೊಂಡೆ. ಮಕ್ಕಳ ಕಡೆ ತಿರುಗಿ, "ಇವತ್ತು ನಿಮಗೆ ಇಷ್ಟ ಬಂದದ್ದು ಬರೀರಿ" ಅಂದೆ. ಸುತ್ತು ಹಾಕಿ ನೋಡಿದರೆ ಮುಂದಿನ ಬೆಂಚಿನವನೊಬ್ಬ ಸೊಗಸಾಗಿ ಒಂದು ಮಾವಿನಹಣ್ಣು ಬರೆದಿದ್ದ. ಅದರ ತುದಿಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟಿದ್ದ. ಕೆಳಗೆ "ದತ್ತ: ಎಬಿಸಿ ಒಂದು ಮಾವಿನಹಣ್ಣು. ಸಾಧನೀಯ:" ಅಂತ ಬರೆದು ಪೆನ್ಸಿಲ್ ಕಚ್ಚುತ್ತಾ ಕೂತಿದ್ದ.

"ಇದೇನೋ?" ಅಂದೆ.

"ಏನ್ ಸಾಧಿಸಬೇಕು ಅಂತ ಹೇಳೋಕೆ ಮುಂಚೆ ನೀವು ಸಾರ್‌ನ ಹೊರಗೆ ಕಳಿಸಿಬಿಟ್ರಲ್ಲ ಮಿಸ್" ಅಂದ.

ನಗೋ ನಾಯಿ

ಶಾಲಾ ಸಮಿತಿಯ ಅಧ್ಯಕ್ಷರು ಇಲ್ಲಿಯ ಹಳಬರು. ಸ್ವಂತ ವರ್ಕ್‌ಶಾಪ್ ಇದೆ. ತುಂಬಾ ಒಳ್ಳೆ ಮನುಷ್ಯ, ಆದರೆ ಯಾವ ಕೆಲಸ ಹೇಳಿದರೂ ಅರ್ಧ ಕೇಳಿಸಿಕೊಂಡು ಪೂರ್ತಿ ಮಾಡಿಬಿಡ್ತಾರೆ. ಆಫೀಸರ್ ಬಂದಾಗ ಪಕ್ಕದಲ್ಲಿ ನಿಂತು ಮಾತಾಡೋರು ಇವರೇ. ಹಾಗಾಗಿ ಅವರು ಒಂದಿನ ಬಂದು, "ಮೇಡಂ, ನೀವು ಬ್ರಸ್ಸು ಇಡಿಯೋರಲ್ವಾ? ನಮ್ಮನೆ ಗೇಟಿಗೆ ನಾಯಿ ಇದೆ ಎಚ್ಚರಿಕೆ ಅಂತ ಒಂದು ಬೋರ್ಡ್ ಬರ್ಕೊಡಿ. ಓದಕ್ಕೆ ಬರದೋರೂ ಎದುರ್ಕೋಬೇಕು, ಅದಕ್ಕೇ ನಾಯಿ ಚಿತ್ರಾನೂ ಇರ್ಲಿ" ಅಂದಾಗ ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಭಾನುವಾರ ಪೂರ್ತಿ ಕೂತು ಬರೆದೆ. ಎಲ್ಲಿ ಅವರಿಗೆ ಇಷ್ಟ ಆಗದೆ ಹೋಗುತ್ತೋ ಅನ್ನೋ ದಿಗಿಲು ಬೇರೆ. ಹಲ್ಲು ಕಾಣಿಸಬೇಕು ಅಂತ ಬಾಯಿ ಅಗಲ ಮಾಡಿದೆ. ಅದೇನಾಯಿತೋ, ನಾಯಿ ನಕ್ಕುಬಿಟ್ಟಿತು. ತಿದ್ದಿದಷ್ಟೂ ಜಾಸ್ತಿ ನಗ್ತಿತ್ತು. ಕೊನೆಗೆ ಇರಲಿ ಅಂತ ಹಾಗೇ ಕೊಟ್ಟೆ.

ಒಂದು ವಾರ ಅವರ ಸುದ್ದಿ ಇಲ್ಲ. ಕಂಪ್ಲೇಂಟ್ ಮಾಡಿರ್ತಾರೆ, ಮುಗೀತು ನನ್ನ ಕಥೆ ಅಂತ ಊಟ ಸೇರಲಿಲ್ಲ. ಆಮೇಲೆ ಬಸ್‌ಸ್ಟಾಪಿನಲ್ಲಿ ಸಿಕ್ಕರು. "ಬೋರ್ಡ್ ಏನೋ ಸಕ್ಕತ್ತಾಗೈತೆ ಮೇಡಂ. ಆದ್ರೆ ಈಗ ಬೀದೀಲಿ ಹೋಗೋ ಮಕ್ಕಳೆಲ್ಲ ಗೇಟ್ ತಟ್ಟಿ, ಅಂಕಲ್, ನಾಯಿ ಆಟಕ್ಕೆ ಕಳ್ಸಿ ಅಂತವೆ!"

ಅಪ್ಪನ ಪ್ರಶ್ನೆ

ಒಂಬತ್ತನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ. ಊರು ವಿಜಯಪುರದ ಕಡೆ, ಅಪ್ಪ ಇಲ್ಲಿ ಫ್ಯಾಕ್ಟರಿಯಲ್ಲಿ ತಗಡು ಒತ್ತೋ ಪವರ್ ಪ್ರೆಸ್ ಆಪರೇಟರ್. ಅವಳ ಕೈಯಲ್ಲಿ ಏನಿದೆಯೋ, ಒಂದೇ ಗೆರೆ ಎಳೆದರೆ ಅಲ್ಲಿ ಒಬ್ಬ ಮನುಷ್ಯ ನಿಂತಿರ್ತಾನೆ. ಅವಳನ್ನ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಿಸಬೇಕು, ಮುಂದೆ ಕಲಾ ಕಾಲೇಜಿಗೆ ಕಳಿಸಬೇಕು ಅಂತ ನನ್ನ ಆಸೆ. ನಾನು ಇಲ್ಲಿಂದ ಎದ್ದರೆ ಅದೂ ಹೋಯಿತು. ಒಂದು ದಿನ ಅವಳ ಅಪ್ಪ ಶಿಫ್ಟ್ ಮುಗಿಸಿಕೊಂಡು ನೇರವಾಗಿ ಸ್ಕೂಲಿಗೆ ಬಂದರು.

"ಮೇಡಮ್ಮರ, ಹುಡುಗಿ ಮನ್ಯಾಗ ಬರೀ ಚಿತ್ರಾ ತೆಗೀತಾಳ್ರಿ. ಗ್ವಾಡಿ ಮ್ಯಾಲ, ಕ್ಯಾಲೆಂಡರ್ ಮ್ಯಾಲ, ರೇಷನ್ ಚೀಲದ ಮ್ಯಾಲ. ಇದರಿಂದ ಮುಂದ ಹೊಟ್ಟಿ ತುಂಬತೈತೇನ್ರಿ?"

ನನಗೆ ಇಂಥ ಅವಕಾಶ ಎಲ್ಲಿ ಸಿಗುತ್ತೆ! ಶುರು ಮಾಡಿದೆ. ಫೈನ್ ಆರ್ಟ್ಸ್ ಡಿಗ್ರಿ ಇದೆ, ಆನಿಮೇಷನ್ ಇದೆ, ಬಟ್ಟೆ ಡಿಸೈನ್ ಇದೆ, ನಿಮ್ಮ ಪೀಣ್ಯದಲ್ಲೇ ಡಬ್ಬದ ಮೇಲೆ ಪ್ರಿಂಟ್ ಮಾಡೋ ಕಂಪನಿಗಳಿಗೂ ಡಿಸೈನ್ ಮಾಡೋರು ಬೇಕು, ಎಲೆಕ್ಟ್ರಾನಿಕ್ ಸಿಟಿ ಕಂಪನಿಗಳಲ್ಲಿ ಆ್ಯಪ್ ಚಂದ ಕಾಣೋ ಹಾಗೆ ಬರೆಯೋಕೇ ಬೇರೆ ಜನ ಇದಾರೆ, ಏನೂ ಇಲ್ಲದಿದ್ದರೆ ಟೀಚರ್ ಕೆಲಸ ಇದೆ ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಕೈ ಕಟ್ಟಿಕೊಂಡು ಪೂರ್ತಿ ಕೇಳಿದರು. ಒಪ್ಪಿದರು ಅಂದುಕೊಂಡೆ.

"ನಿಮಗ ಇದರಾಗ ಯಾವ ಕೆಲಸ ಸಿಕ್ಕೈತ್ರಿ?"

"ಇದೇ, ಡ್ರಾಯಿಂಗ್ ಟೀಚರ್."

"ಮುಂದ ಇಲ್ಲೇ ಇರ್ತೀರೇನ್ರಿ?"

ಸುಳ್ಳು ಹೇಳೋಕೆ ಆಗಲಿಲ್ಲ. "ಆಫೀಸರ್ ಬಂದು ನೋಡಿ ಹೋದ ಮೇಲೆ ಗೊತ್ತಾಗುತ್ತೆ" ಅಂದೆ.

ಅವರು ಎದ್ದು ನಿಂತು ನಮಸ್ಕಾರ ಮಾಡಿದರು. "ಹಂಗಾರ ಮೊದಲು ನಿಮ್ಮದು ಪಾಸಾಗ್ಲಿ ಬಿಡ್ರಿ, ಆಮ್ಯಾಲ ಅಕೀದು ನೋಡೋಣು."

ಕಂಪನಿಯವರು ಬಂದರು

ವೈಟ್‌ಫೀಲ್ಡ್ ಕಡೆಯ ಒಂದು ಐಟಿ ಕಂಪನಿಯವರು, ಶನಿವಾರ ಬಂದು ಮಕ್ಕಳ ಜೊತೆ ಒಂದು ಕ್ಲಾಸ್‌ರೂಮಿನ ಗೋಡೆಗೆ ಚಿತ್ರ ಬರೆಸ್ತೀವಿ ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಡ್ರಾಯಿಂಗ್ ನಡೀತಿದೆ ಅಂತ ತೋರಿಸೋಕೆ ಇದಕ್ಕಿಂತ ಇನ್ನೇನು ಬೇಕು? ಎಲ್ಲರೂ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಂದರು. ವೈಟ್‌ಫೀಲ್ಡಿನಿಂದ ಇಲ್ಲಿಗೆ ಬರೋಷ್ಟರಲ್ಲಿ ಅರ್ಧ ಶನಿವಾರ ಟ್ರಾಫಿಕ್ಕಿಗೇ ಹೋಗಿತ್ತು, ಪಾಪ.

ಮೊದಲು ಫೋಟೋ ತೆಗೆಸಿಕೊಂಡರು. ಆಮೇಲೆ ಮಕ್ಕಳ ಕೈಗೆ ಬಣ್ಣದ ಡಬ್ಬ ಕೊಟ್ಟು, ಬ್ರಷ್ ತಾವು ಹಿಡಿದರು. ಹಿಡಿದವರು ಬಿಡಲೇ ಇಲ್ಲ. ನಾನು ಒಬ್ಬೊಬ್ಬರ ಹಿಂದೆ ಹೋಗಿ, "ಸ್ವಲ್ಪ ಮಕ್ಕಳಿಗೂ ಕೊಡಿ ಸಾರ್" ಅಂತ ಬೇಡಿಕೊಂಡೆ. "ಒನ್ ಮಿನಿಟ್ ಮೇಡಂ, ಈ ಎಲೆ ಒಂದು ಮುಗಿಸ್ತೀನಿ" ಅನ್ನೋರು. ಎಲೆ ಆದ ಮೇಲೆ ಹೂವು, ಹೂವು ಆದ ಮೇಲೆ ಚಿಟ್ಟೆ. ವಿಜಯಪುರದ ಹುಡುಗಿ ಡಬ್ಬ ಹಿಡಿದು ಹಿಡಿದು ಸಾಕಾಗಿ, "ಅಣ್ಣಾರ, ಬಣ್ಣ ಗೆರಿ ದಾಟಾಕತೈತ್ರಿ" ಅಂತ ತಿದ್ದಿದಳು. ಮೀಸೆ ಬಂದ ಮ್ಯಾನೇಜರ್ ಒಬ್ಬರು ನಾಲಿಗೆ ಹೊರಗೆ ಹಾಕಿಕೊಂಡು, "ಸಾರಿ ಸಾರಿ" ಅಂತ ಅಳಿಸಿ ಮತ್ತೆ ಬಳಿದರು. ಊಟದ ಪೊಟ್ಟಣ ಬಂದರೂ ಯಾರೂ ಏಳಲಿಲ್ಲ. ಕೊನೆಗೆ ಅವರ ಬಸ್ಸಿನ ಡ್ರೈವರ್ ಬಂದು ಬೈದು ಹತ್ತಿಸಿಕೊಂಡು ಹೋದ.

ಉಳಿದ ಬಣ್ಣದ ಡಬ್ಬಗಳನ್ನೆಲ್ಲ ನಮಗೇ ಬಿಟ್ಟು ಹೋಗಿದ್ದರು. ಬಸ್ ಮರೆಯಾಗೋ ತನಕ ನೋಡಿದ ಹೆಡ್ ಮೇಡಂ ನಿಟ್ಟುಸಿರು ಬಿಟ್ಟು, "ಪಾಪ ಕಣಮ್ಮ, ಅವರ ಆಫೀಸಲ್ಲೂ ಗಣಿತದ ಮೇಷ್ಟ್ರು ಇರಬೇಕು" ಅಂದರು.

ಆಫೀಸರ್ ಬಂದ ದಿನ

ಆ ಉಳಿದ ಬಣ್ಣದಲ್ಲಿ ನನ್ನ ಮಕ್ಕಳು ಶಾಲೆಯ ಕಾಂಪೌಂಡ್ ಗೋಡೆ ಪೂರ್ತಿ ಚಿತ್ರ ಬರೆದರು. ಒಳ್ಳೆ ಕೆಲಸ ಅಂದರೆ ಅದು. ಮೆಟ್ರೊ ರೈಲು, ಲೇತ್ ಮಷೀನು, ಕ್ರೇನಿನ ಮೇಲೆ ಕೂತ ಕಾಗೆ, ಗಾರೆ ಹೊರೋ ಅಮ್ಮಂದಿರು. ವಿಜಯಪುರದ ಹುಡುಗಿ ಪವರ್ ಪ್ರೆಸ್ ಮುಂದೆ ನಿಂತ ಅಪ್ಪನನ್ನ ಬರೆದಿದ್ದಳು. ಅಪ್ಪ ಮಷೀನಿಗಿಂತ ಎತ್ತರ, ಅಪ್ಪನ ಮೀಸೆ ಅಪ್ಪನಿಗಿಂತ ಅಗಲ. ನಾನು ದಿನಾ ಸಂಜೆ ಆ ಗೋಡೆ ನೋಡಿಕೊಂಡು, ಬರಲಿ ಆಫೀಸರ್, ಒಂದು ಕೈ ನೋಡೇಬಿಡೋಣ ಅಂತ ಧೈರ್ಯ ತಂದುಕೊಳ್ತಿದ್ದೆ.

ಶನಿವಾರ ಸುದ್ದಿ ಬಂತು, ಸೋಮವಾರ ಬರ್ತಾರಂತೆ. ಹೆಡ್ ಮೇಡಂ ಅಧ್ಯಕ್ಷರಿಗೆ ಫೋನ್ ಮಾಡಿ, "ಇನ್‌ಸ್ಪೆಕ್ಷನ್ ಇದೆ, ಸ್ವಲ್ಪ ಸ್ಕೂಲ್ ಕಡೆ ನೋಡಿ" ಅಂದರಂತೆ. ಅಷ್ಟೇ ಅಂದಿದ್ದು.

ಸೋಮವಾರ ಬೆಳಿಗ್ಗೆ ಬಸ್ ಇಳಿದು ತಿರುವಿನಲ್ಲಿ ಬರ್ತೀನಿ, ಶಾಲೆ ಎಲ್ಲಿ ಅಂತ ಒಂದು ಕ್ಷಣ ಗುರುತೇ ಸಿಗಲಿಲ್ಲ. ಗೋಡೆ ಬೆಳ್ಳಗೆ ಹಾಲಿನ ಹಾಗೆ! ಈ ತುದಿಯಿಂದ ಆ ತುದಿ ತನಕ ಸುಣ್ಣ. ರೈಲಿಲ್ಲ, ಕಾಗೆ ಇಲ್ಲ, ಅಪ್ಪ ಇಲ್ಲ. ಇನ್‌ಸ್ಪೆಕ್ಷನ್ ಅಂದರೆ ಸುಣ್ಣ ಹೊಡೆಸೋದು ಅನ್ನೋದು ಸರ್ಕಾರಿ ಶಾಲೆಗಳಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಅಧ್ಯಕ್ಷರು ಭಾನುವಾರ ತಾವೇ ನಿಂತು ಆಳು ಹಚ್ಚಿ ಹೊಡೆಸಿದ್ದರು. ಗೇಟು ಹಿಡಿದು ನಿಂತೆ. ಅಳು ಬಂತು. ಅಷ್ಟರಲ್ಲಿ ಜೀಪೂ ಬಂತು.

ಆಫೀಸರ್ ಇಳಿದು ಸುತ್ತ ನೋಡಿ, "ಎಲ್ಲಿ, ಇಲ್ಲಿ ಡ್ರಾಯಿಂಗ್ ನಡಿಯುತ್ತೆ ಅಂದ್ರಿ? ಒಂದು ಗೆರೆನೂ ಕಾಣಲ್ವಲ್ಲ" ಅಂದರು. ನಾನು ಬಾಯಿ ತೆರೆಯೋಷ್ಟರಲ್ಲಿ ಅಧ್ಯಕ್ಷರು ಎದೆ ಉಬ್ಬಿಸಿ ಮುಂದೆ ಬಂದು, "ಮಕ್ಳು ಗೋಡೆ ತುಂಬಾ ಗೀಚಾಕಿದ್ವು ಸಾರ್. ಒಂದೂ ಬಿಡ್ದಂಗೆ ಸುಣ್ಣ ಒಡೆಸ್ಬಿಟ್ಟೆ" ಅಂದರು.

ಆಫೀಸರ್ ಸಾಲಾಗಿ ನಿಂತ ಮಕ್ಕಳ ಕಡೆ ತಿರುಗಿ, "ಗೀಚಿದ್ದು ಯಾರು?" ಅಂದರು.

ಮಕ್ಕಳು ಏಟು ಬೀಳುತ್ತೆ ಅಂತ ಹೆದರಿಬಿಟ್ಟವು. ಎಲ್ಲರ ಬೆರಳೂ ಒಂದೇ ಸಲ ನನ್ನ ಕಡೆ ತಿರುಗಿತು. "ಮಿಸ್ಸೇ ಗೀಚಿಸಿದ್ದು ಸಾರ್!"

"ಯಾವತ್ತು?"

"ದಿನಾ ಗೀಚಿಸ್ತಾರೆ ಸಾರ್! ತಪ್ಪಿಸಿಕೊಳ್ಳೋಕೇ ಬಿಡಲ್ಲ ಸಾರ್! ಗಣಿತದ ಸಾರ್ ಬಂದು ಪೀರಿಯಡ್ ಕೇಳಿದ್ರೂ ಬಾಗಿಲು ಹಾಕ್ಕೊಂಡುಬಿಡ್ತಾರೆ ಸಾರ್!"

ಗಣಿತದ ಮೇಷ್ಟ್ರು ಕೆಮ್ಮಿದರು. ಅಷ್ಟರಲ್ಲಿ ವಿಜಯಪುರದ ಹುಡುಗಿಗೆ ತಡೆಯೋಕಾಗಲಿಲ್ಲ. ಸಾಲು ಬಿಟ್ಟು ಓಡಿದಳು, ನಲ್ಲಿ ಹತ್ತಿರ ಇದ್ದ ಬಕೆಟ್ ಎತ್ತಿ ಗೋಡೆಗೆ ಎರಚಿದಳು, ಲಂಗದ ತುದಿಯಿಂದ ತಿಕ್ಕಿದಳು. ಪೇಂಟಿನ ಮೇಲೆ ಸುಣ್ಣ ಎಲ್ಲಿ ನಿಲ್ಲುತ್ತೆ? ಇಳಿಯೋಕೆ ಶುರುವಾಯಿತು. ಮೊದಲು ಮೀಸೆ ಬಂತು. ಹಿಂದೆ ಅಪ್ಪ ಬಂದ. ಅವನ ಹಿಂದೆ ಪವರ್ ಪ್ರೆಸ್ ಬಂತು. "ಒಳಗ ಅದಾವ್ರಿ ಸರ, ಎಲ್ಲಾ ಒಳಗ ಅದಾವ!" ಅಂತ ಅವಳು ಕೂಗಿದ್ದೇ ತಡ, ಸಾಲಿಗೆ ಸಾಲೇ ಚೊಂಬು, ತಟ್ಟೆ, ನೀರಿನ ಬಾಟಲಿ ಹಿಡಿದು ನುಗ್ಗಿತು. ಆಫೀಸರ್ ಪ್ಯಾಂಟಿನ ತುಂಬಾ ಸುಣ್ಣ. ಅವರು ಒರೆಸಿಕೊಳ್ಳೋದು ಬಿಟ್ಟು ಆ ಮೀಸೆಯನ್ನೇ ನೋಡ್ತಾ ನಿಂತರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಮೇಡಂ" ಅಂದರು ಹೆಡ್ ಮೇಡಂಗೆ, "ಡ್ರಾಯಿಂಗ್ ಪೋಸ್ಟು ಇಲ್ಲೇ ಇರುತ್ತೆ. ಈ ಮಕ್ಕಳಿಗೆ ಕ್ಲಾಸ್ ನಿಲ್ಲಿಸಿದ್ರೆ ನನ್ನ ಆಫೀಸ್ ಗೋಡೇನೂ ಬಿಡಲ್ಲ ಇವು."

ನಾನು ಅಲ್ಲೇ ಕಟ್ಟೆ ಮೇಲೆ ಕುಸಿದು ಕೂತೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ನಕ್ಕೆ, ಯಾವುದು ಮೊದಲು ಅಂತ ನನಗೇ ಗೊತ್ತಾಗಲಿಲ್ಲ. ಅಧ್ಯಕ್ಷರಿಗೆ ಆಗ ವಿಷಯ ಅರ್ಥವಾಗಿ, ಮುಖ ಚಿಕ್ಕದು ಮಾಡಿಕೊಂಡು ಹತ್ತಿರ ಬಂದರು.

"ಅಯ್ಯೋ, ತಪ್ಪಾಗೋಯ್ತು ಮೇಡಂ, ನಂಗೊತ್ತಾಗ್ಲಿಲ್ಲ. ನೀವೇನೂ ಯೋಚ್ನೆ ಮಾಡ್ಬೇಡಿ. ಇದುಕ್ಕಿಂತ ಚೆನ್ನಾಗಿ ಇನ್ನೊಂದು ಸಲ ಬರೆಸಿ. ಮುಂದಿನ ಇನ್‌ಸ್ಪೆಕ್ಷನ್‌ಗೆ ನಾನು ಎರಡು ಕೋಟು ಸುಣ್ಣ ಒಡೆಸ್ಕೊಡ್ತೀನಿ!"